ಉಮರಾಕ ಎತ್ತಿದ ಬೆರಳು

ಕಾಪು ಪೇಟೆಯ ಉಮರಬ್ಬ ತಮ್ಮ ಬಟ್ಟೆ ಅಂಗಡಿಯಲ್ಲಿ ಮಾರಿದ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಎರ್ಮಾಳಿನ ಹೆಂಗಸೊಬ್ಬರು ಒಗೆದು ಒಣಗಿಸಿದ ಸೀರೆಯನ್ನೇ ಮಡಚಿ ತಂದು, ಬಣ್ಣ ಹಿಡಿಸಲಿಲ್ಲ ಎಂದರು. "ಹಿಡಿಸದ್ದನ್ನು ಉಟ್ಟುಕೊಂಡು ನೀವು ಹೇಗೆ ತಿರುಗುವುದು ಅಕ್ಕ, ಕೊಡಿ" ಎಂದರು ಉಮರಬ್ಬ. ನಾನು ಆಗ ಅಂಗಡಿಯಲ್ಲೇ ಇದ್ದೆ.

ಇಂಥ ಮನುಷ್ಯನಿಗೆ ಕ್ರಿಕೆಟ್ ಅಂಪೈರ್ ಆಗಬೇಕಿತ್ತು. ಭಾನುವಾರದ ಊರ ಪಂದ್ಯಗಳಿಗೆ ಅವರೇ ಅಂಪೈರ್. ಹುಡುಗರಿಗೆಲ್ಲ ಅವರು ಉಮರಾಕ, ಎಂದರೆ ಉಮರಣ್ಣ. ಆದರೆ ಮಣಿಪಾಲದ ಮೈದಾನದಲ್ಲಿ, ಬಿಳಿ ಕೋಟು ತೊಟ್ಟು, ಲೀಗ್ ಪಂದ್ಯಕ್ಕೆ ನಿಲ್ಲಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು. ಐವತ್ತು ದಾಟಿದವರನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತರಬೇತಿಗೆ ಸೇರಿದಾಗ ಅವರಿಗೆ ನಲವತ್ತೇಳು.

ನಾನೂ ಅದೇ ತರಬೇತಿಗೆ ಹೋಗುತ್ತಿದ್ದೆ. ಉಡುಪಿಯ ನಮ್ಮ ಪತ್ರಿಕೆಯಲ್ಲಿ ಕ್ರೀಡಾ ಪುಟ ನೋಡುವವನಿಗೆ ನಿಯಮ ಗೊತ್ತಿರಲಿ ಎಂದು ಸಂಪಾದಕರು ಕಳುಹಿಸಿದ್ದರು. ಕಲಿಸುವವರು ಸಂಜೀವ ಮಾಸ್ಟ್ರು, ನಿವೃತ್ತ ಡ್ರಿಲ್ ಮಾಸ್ಟ್ರು. ಅವರ ಮೊದಲ ಪಾಠ ನಿಲ್ಲುವುದು. ಮುರಕಲ್ಲಿನ ಗಟ್ಟಿ ಕೆಂಪು ನೆಲದ ಮೈದಾನದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಟೊಪ್ಪಿ ಇಲ್ಲದೆ, ಕಾಲು ಬದಲಾಯಿಸದೆ. ಉಮರಬ್ಬ ಕಾಪುವಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನೀರು ಕುಡಿದರೆ ನಡುವೆ ಹೋಗಬೇಕಾಗುತ್ತದೆಂದು ಕುಡಿಯುತ್ತಿರಲಿಲ್ಲ. "ಅಂಗಡಿಯಲ್ಲಿ ನಿಂತು ಕಾಲು ಗಟ್ಟಿಯಾಗಿದೆ ಅಂತ ಎಣಿಸಿದ್ದೆ ರಾಯರೇ. ಅಲ್ಲಿ ಒರಗ್ಲಿಕ್ಕೆ ಗೋಡೆ ಉಂಟು" ಎಂದರು ಒಂದು ದಿನ.

ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವರು ಓದಿದ್ದು ಎಂಟನೇ ತರಗತಿ. ಮರಳುವ ಬಸ್ಸಿನಲ್ಲಿ ನಾನು ಒಂದೊಂದೇ ನಿಯಮವನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಬಾಯಿಪಾಠ ಮಾಡುತ್ತಿದ್ದರು. ಮೊದಲ ವರ್ಷ ಲಿಖಿತ ಪರೀಕ್ಷೆಯಲ್ಲಿ ಹೋಯಿತು. ಎರಡನೇ ವರ್ಷ ಅದು ಪಾಸಾಗಿ ಮೈದಾನದಲ್ಲಿ ಹೋಯಿತು. ಕಾರಣ, ಅವರು ಬೆರಳೆತ್ತಿ "ಔಟ್, ಅಲ್ವಾ" ಎನ್ನುತ್ತಿದ್ದರು. ಅಷ್ಟೇ ಅಲ್ಲದೆ, ಹೊರಟ ಹುಡುಗನಿಗೆ "ಚೆಂಡು ನೇರ ಉಂಟು ಮಾರಾಯ, ಬೇಜಾರು ಮಾಡ್ಬೇಡ" ಎಂದು ವಿವರಿಸುತ್ತಿದ್ದರು.

"ಉಮರಬ್ಬ, ನೀವು ಯಾರನ್ನು ಕೇಳುವುದು?" ಎಂದರು ಸಂಜೀವ ಮಾಸ್ಟ್ರು. "ಎದುರು ಗಿರಾಕಿ ಇಲ್ಲ. ಬೆರಳು ಎತ್ತಿ, ಬಾಯಿ ಮುಚ್ಚಿ."

"ಮುಖ ನೋಡಿದ್ರೆ ಪಾಪ ಕಾಣ್ತದೆ ಮಾಸ್ಟ್ರೆ."

"ಹಾಗಾದ್ರೆ ಮುಖ ನೋಡ್ಬೇಡಿ. ತಲೆಯ ಮೇಲಿಂದ ದೂರ ನೋಡಿ."

ಆ ವರ್ಷ ನಾನು ಬಿಟ್ಟೆ. ಸುಸ್ತಾಗಿತ್ತು. ಅವರು ಬಿಡಲಿಲ್ಲ. ಕಣ್ಣು ಮುಚ್ಚಿಸಿ ಮಾಸ್ಟ್ರು ಚೆಂಡನ್ನು ಬ್ಯಾಟಿಗೆ, ಪ್ಯಾಡಿಗೆ, ಪಿಚ್ಚಿಗೆ ಹಾಸಿದ ತೆಂಗಿನ ನಾರಿನ ಚಾಪೆಗೆ ಬಡಿಯುವುದು, ಇವರು ಸದ್ದು ಕೇಳಿ ಯಾವುದೆಂದು ಹೇಳುವುದು. ಹೀಗೆ ಒಂದು ವರ್ಷ.

ಕೊನೆಯ ಪರೀಕ್ಷೆ ಕಾರ್ಕಳದಲ್ಲಿ, ನಿಜವಾದ ಪಂದ್ಯದಲ್ಲಿ. ಪರೀಕ್ಷಕರು ಗೆರೆಯಾಚೆ ಕುರ್ಚಿಯಲ್ಲಿದ್ದರು. ನಾನು ವರದಿಗೆ ಹೋಗಿದ್ದೆ. ಊಟದ ಮೊದಲು ಒಂದು ಚೆಂಡು ಬ್ಯಾಟಿನ ಪಕ್ಕದಿಂದ ಟಿಕ್ ಎಂದು ಕೀಪರನ ಕೈಗೆ ಹೋಯಿತು. ಎಲ್ಲರೂ ಕೂಗಿದರು. ಉಮರಬ್ಬ ಬೆರಳೆತ್ತಿ ದೂರ ನೋಡಿದರು. ಆ ಹುಡುಗ ಒಂದು ಗಳಿಗೆ ನಿಂತು, ಹೊರಟುಹೋದ. ಹೊಸ ಆಟಗಾರ ಬಂದು ಮುಂದಿನ ಚೆಂಡನ್ನು ಆಡದೆ ಬಿಟ್ಟ. ಚೆಂಡು ಅದೇ ಜಾಗದಲ್ಲಿ ಬಿತ್ತು, ಅದೇ ಟಿಕ್ ಕೇಳಿತು. ಚೆಂಡು ತಾಗಿದ್ದು ಬ್ಯಾಟಿಗಲ್ಲ, ಸಡಿಲವಾಗಿದ್ದ ಚಾಪೆಯ ಮೊಳೆಗೆ. ಮುಂದಿನ ಚೆಂಡು ಬಿದ್ದ ಮೇಲೆ ಹೋದವನನ್ನು ವಾಪಸ್ ಕರೆಯಲು ನಿಯಮದಲ್ಲಿ ಅವಕಾಶವಿಲ್ಲ. ಉಮರಬ್ಬ ಸಂಜೆಯವರೆಗೆ ಅಲುಗಾಡದೆ ನಿಂತರು.

ಮರುದಿನ ಉಡುಪಿಯ ನಮ್ಮ ಕಚೇರಿಗೆ ಬಂದರು.

"ರಾಯರೇ, ನೀವು ತಪ್ಪು ಬರೆದ್ರೆ ತಿದ್ದುಪಡಿ ಹಾಕ್ತೀರಿ ಅಲ್ವಾ?"

"ಹಾಕ್ತೇವೆ."

"ಹಾಗಾದ್ರೆ ಇದನ್ನು ಹಾಕಿ."

ಚೀಟಿಯಲ್ಲಿ, ಆ ಆಟಗಾರ ಔಟಾಗಿರಲಿಲ್ಲ, ತಪ್ಪು ಅಂಪೈರರದ್ದು ಎಂದು ಬರೆದಿತ್ತು.

"ಸ್ಕೋರ್ ಪುಸ್ತಕದಲ್ಲಿ ಔಟ್ ಅಂತ ಉಂಟು. ನಾವು ಬರೆದದ್ದರಲ್ಲಿ ತಪ್ಪಿಲ್ಲ" ಎಂದೆ. "ಫಲಿತಾಂಶ ಇನ್ನೂ ಬಂದಿಲ್ಲ. ಇದನ್ನು ಪರೀಕ್ಷಕರು ಓದ್ತಾರೆ. ನಿಮಗೆ ಇನ್ನೊಂದು ಸಲ ಇಲ್ಲ."

"ಅದು ಗೊತ್ತುಂಟು."

ಬೆಂಚಿನ ಮೇಲೆ ಕುಳಿತರು. ಚಾ ತರಿಸಿದೆ. ಆರುವವರೆಗೆ ಮುಟ್ಟಲಿಲ್ಲ. ಆಮೇಲೆ ಒಂದೇ ಸಲಕ್ಕೆ ಕುಡಿದು, ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಬರ್ತೇನೆ ಎಂದು ಹೋದರು. ನಾನು ಹೇಳಿದ್ದು ಪತ್ರಿಕೆಯ ಕ್ರಮ. ಅದನ್ನು ಆ ದಿನ ಹೇಳಬೇಕಿತ್ತೇ ಎಂಬುದು ಬೇರೆ ಮಾತು.

ಅವರು ಪಾಸಾದರು. ನಿರ್ಧಾರದಲ್ಲಿ ಗಟ್ಟಿತನವಿದೆ ಎಂದು ಪರೀಕ್ಷಕರು ಬರೆದಿದ್ದರಂತೆ. ಅದನ್ನು ನನಗೆ ಹೇಳಿದ್ದು ಸಂಜೀವ ಮಾಸ್ಟ್ರು, ಉಮರಬ್ಬ ಅಲ್ಲ.

ಮೂರು ವರ್ಷ ಲೀಗ್ ಪಂದ್ಯಗಳಿಗೆ ನಿಂತರು. ಮಾತಿಲ್ಲ, ನಗೆಯಿಲ್ಲ. ಆಟಗಾರರು ಹೆದರುತ್ತಿದ್ದರು, ಉಮರಾಕ ಎಂದು ಕರೆಯುವುದನ್ನು ಬಿಟ್ಟು ಸರ್ ಎನ್ನುತ್ತಿದ್ದರು. ಕೊನೆಯ ಸಲ ನಾನು ಅವರನ್ನು ಕಂಡದ್ದು ಮಣಿಪಾಲದಲ್ಲಿ. ಆ ದಿನ ಒಬ್ಬನಿಗೆ ಎಲ್‌ಬಿಡಬ್ಲ್ಯೂ ಕೊಟ್ಟಿದ್ದರು. ಅವನು ನಂಬಲಾಗದೆ ನಿಂತು ನೋಡುತ್ತಿದ್ದರೂ ಇವರ ಕಣ್ಣು ಕೆಳಗಿಳಿಯಲಿಲ್ಲ. ಪಂದ್ಯ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆಗೆ ನಡೆದೆವು. ಅವರು ಕುಂಟುತ್ತಿದ್ದರು.

"ಇವತ್ತಿನದು ನಿಜವಾಗಿ ಔಟೇ ಆಗಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ ರಾಯರೇ." ಬಿಳಿ ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಮೊದಲೆಲ್ಲ ಬಸ್ಸಿನಲ್ಲಿ ಕಾಪು ಬರುವವರೆಗೆ ಅದೇ ಯೋಚನೆ, ಔಟಾ ಅಲ್ಲವಾ ಅಂತ. ಈಗ ಕೂತ ಕೂಡಲೇ ನಿದ್ದೆ ಬರ್ತದೆ."

ಬಸ್ಸು ಬಂತು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಮುಂದಿನ ವಾರ ಅವರು ಅಂಪೈರಿಂಗ್ ಬಿಡುವುದಾಗಿ ಪತ್ರ ಕೊಟ್ಟ ಸುದ್ದಿ ಕಚೇರಿಗೆ ಬಂತು. ಪತ್ರದಲ್ಲಿ ಕಾರಣ ಕಾಲುನೋವು ಎಂದಿತ್ತು. ನಾನು ಅದನ್ನು ಮೂರು ಸಾಲಿನಲ್ಲಿ, ಕೊಟ್ಟಂತೆಯೇ, ಅಚ್ಚಿಗೆ ಕಳುಹಿಸಿದೆ.