ಜೇಬಿನಲ್ಲೊಂದು ಹಿಡಿ ಚೆರಿ

ಗಲಗಲ, ಗಲಗಲ.

ಹಾನುಬಾಳಿನ ಹತ್ತಿರದ ಎಸ್ಟೇಟಿನ ಕಣದಲ್ಲಿ ಗಿಡ್ಡಯ್ಯ ಒಂದು ಹಿಡಿ ಚೆರಿಯನ್ನು, ಅಂದರೆ ಒಣಗಿದ ಕಾಫಿ ಹಣ್ಣನ್ನು, ಕಿವಿಯ ಹತ್ತಿರ ಆಡಿಸುತ್ತಿದ್ದ. ಹಣ್ಣು ಪೂರ್ತಿ ಒಣಗಿದರೆ ಸಿಪ್ಪೆಯೊಳಗೆ ಬೀಜ ಸಡಿಲಾಗಿ ಹೀಗೆ ಸದ್ದು ಮಾಡುತ್ತದೆ, ಹಸಿಯಿದ್ದರೆ ಮೂಕ. ಹದಿನೈದು ವರ್ಷದಿಂದ ಆ ಕಣದ ತೀರ್ಪೆಲ್ಲ ಅವನ ಕಿವಿಯದೇ. "ಈ ರಾಶಿ ನಾಳೆ ಚೀಲಕ್ಕೆ" ಎಂದರೆ ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಲಿಂಗಪ್ಪನೂ ಎದುರಾಡುತ್ತಿರಲಿಲ್ಲ.

ಅಂಥವನಿಗೆ ತನ್ನ ಕೈಗಳ ಮೇಲೆ ನಂಬಿಕೆ ಹೋಗಿಬಿಟ್ಟಿತ್ತು.

ಹಿಂದಿನ ವರ್ಷ ಫೆಬ್ರವರಿಯಲ್ಲಿ ಹೊತ್ತಲ್ಲದ ಹೊತ್ತಿಗೆ ಮಳೆ ಹೊಡೆದು, ಅವನು ಬಿಗಿಯಲು ಮರೆತ ಮೂಲೆಯಿಂದ ಟಾರ್ಪಾಲು ಹಾರಿ, ಒಂದು ರಾಶಿ ಬೂಷ್ಟು ಹಿಡಿದಿತ್ತು. ಅಂದಿನಿಂದ ಸಂಜೆ ರಾಶಿ ಹೊದಿಸಿ, ಹಗ್ಗ ಬಿಗಿದು, ಕೂಲಿಗಳ ಲೈನಿನ ಮನೆಯತ್ತ ಹೊರಟರೆ ಸಿಲ್ವರ್ ಓಕ್ ಮರಗಳ ತಿರುವಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಮೂಡಲ ಮೂಲೆ ಕಟ್ಟಿದೆನೋ ಇಲ್ಲವೋ? ಓಡಿ ಹೋಗಿ ನೋಡಿದರೆ ಕಟ್ಟಿಯೇ ಇರುತ್ತಿತ್ತು. ಆದರೂ ಬಿಚ್ಚಿ, ಒಳಗೆ ಕೈಯಾಡಿಸಿ, ಮತ್ತೆ ಕಟ್ಟುತ್ತಿದ್ದ. ಮನೆ ಸೇರುವುದರೊಳಗೆ ಇನ್ನೊಂದು ಸಲ.

"ಬಾಗ್ಲು ಹಾಕ್ಲಾ, ಇಲ್ಲ ಇನ್ನೊಂದ್ಸಲ ಹೋಗ್ಬರಾದೈತಾ?" ಎನ್ನುತ್ತಿದ್ದಳು ಹೆಂಡತಿ ಭೂತಮ್ಮ. ರೊಟ್ಟಿ ಆರಿ ಚರ್ಮವಾಗಿರುತ್ತಿತ್ತು.

ಬಿಚ್ಚಿದಾಗಲೆಲ್ಲ ಸಂಜೆಯ ಇಬ್ಬನಿ ರಾಶಿಗೆ ಇಳಿಯುತ್ತಿತ್ತು. ಯಾವುದಕ್ಕೆ ಹೆದರಿದ್ದನೋ ಅದನ್ನೇ ಕೈಯಾರೆ ಮಾಡುತ್ತಿದ್ದ. ಲಿಂಗಪ್ಪನಿಗೆ ಕೊನೆಗೆ ರೇಗಿತು.

"ಇನ್ನೊಂದು ದಿನ ಬಿಚ್ಚಿದ್ದು ಕಂಡ್ರೆ ನಿನ್ನ ತೋಟದಾಗೆ ಗುಂಡಿ ತೋಡೋ ಕೆಲ್ಸಕ್ಕೆ ಹಾಕ್ತೀನಿ ಕಣೋ. ಕಣಕ್ಕೆ ಬೇರೇರ್ನ ನೋಡ್ಕಂತೀನಿ."

ಕಣ ಬಿಟ್ಟರೆ ಆ ಕಿವಿಗೆ ಇನ್ನೇನು ಕೆಲಸ?

ಅಂದು ಮಧ್ಯಾಹ್ನ ಚೀಲ ಒಯ್ಯಲು ಸಕಲೇಶಪುರದಿಂದ ಅಬ್ಬಾಸನ ಲಾರಿ ಬಂತು. ನೆರಳಲ್ಲಿ ಕೂತು ಅವನು ಗಿಡ್ಡಯ್ಯ ಹೇಳಿದ್ದನ್ನೆಲ್ಲ ಕೇಳಿದ, ನಗಲಿಲ್ಲ.

"ನಂಗೂ ಹಿಂಗೇ ಆಗಿತ್ತು ಗಿಡ್ಡಣ್ಣ. ಲಾರಿ ಹಿಂದಿನ ಹಲಗೆಗೆ ಕೊಂಡಿ ಹಾಕಿದೀನೋ ಇಲ್ವೋ ಅಂತ ಘಾಟಿಲಿ ತಿರುವಿಗೊಂದ್ಸಲ ಇಳಿದು ನೋಡಾದು. ಆಮೇಲೆ ಕೊಂಡಿ ಹಾಕಿ ಹಲಗೆಗೆ ಎರಡೇಟು ಹೊಡ್ಯಾಕೆ ಶುರು ಮಾಡ್ದೆ. ಅಂಗೈ ಚುರ್ ಅಂತದಲ್ಲ, ಅದೇ ಸಾಕ್ಷಿ."

"ಟಾರ್ಪಾಲಿಗೆ ಹೊಡುದ್ರೆ ಏನ್ ಚುರ್ ಅಂತದೆ, ಅಬ್ಬಾಸಣ್ಣ?"

"ನಿಂಗೆ ಕಿವಿ ಐತಲ್ಲ ಮಾರಾಯ. ಒಂದು ಹಿಡಿ ಚೆರಿ ಕಣದ ಕಟ್ಟೆ ಮೇಲಿಡು. ಕೊನೇ ಗಂಟು ಬಿದ್ಮೇಲೆ ಜೇಬಿಗೆ ಹಾಕ್ಕೋ, ಮುಂಚೆ ಬ್ಯಾಡ. ದಾರೀಲಿ ಎದೆ ಹೊಡ್ಕಂಡ್ರೆ ಆಡ್ಸು. ಗಲಗಲ ಅಂದ್ರೆ ಗಂಟು ಬಿದ್ದೈತೆ ಅಂತ."

ಆ ಸಂಜೆ ತಿರುವಿನಲ್ಲಿ ಗಿಡ್ಡಯ್ಯ ಜೇಬು ಆಡಿಸಿದ. ಸದ್ದಿಲ್ಲ. ಕಣಕ್ಕೆ ಓಡಿದ. ನಾಲ್ಕೂ ಮೂಲೆ ಬಿಗಿಯಾಗಿದ್ದವು. ಗಂಟಿಗೆ ಹೋದ ಕೈಯನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿದ. ಮೆತ್ತಗಿತ್ತು. ಗಾಬರಿಯಲ್ಲಿ ಅಂದೇ ಕೊಯ್ದು ತಂದ ಹಸಿ ಹಣ್ಣನ್ನು ತುಂಬಿಕೊಂಡಿದ್ದ. ಅಂಗಿಯೆಲ್ಲ ಕೆಂಪು ಕಲೆ. ಕಟ್ಟೆಯ ಮೇಲೆ ಕೂತು ಒಬ್ಬನೇ ನಕ್ಕ. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು. ಗಂಟು ಬಿಚ್ಚದೆಯೇ ಮನೆಗೆ ಹೋದ.

ಮರುದಿನ ಚೆನ್ನಾಗಿ ಒಣಗಿದ್ದನ್ನೇ ಆರಿಸಿದ. ತಿರುವಿನಲ್ಲಿ ನಿಂತ, ಉದ್ದಕ್ಕೆ ಉಸಿರೆಳೆದು ಬಿಟ್ಟ, ಆಡಿಸಿದ, ಕೇಳಿದ. ಎದೆಯ ಬಡಿತ ಒಂದೇ ಸಲಕ್ಕೆ ನಿಲ್ಲಲಿಲ್ಲ, ನಿಧಾನವಾಯಿತು. ಕಾಲುಗಳು ಮುಂದಕ್ಕೇ ನಡೆದವು. ಅಷ್ಟು ಸಾಕಾಯಿತು. ಹದಿನೈದು ದಿನದಲ್ಲಿ ಬಿಸಿ ರೊಟ್ಟಿ ತಿನ್ನುವ ಅಭ್ಯಾಸ ಅವನಿಗೆ ಮರಳಿ ಬಂತು.

ಒಂದು ಸಂಜೆ ಅವನು ಕೊನೆಯ ಗಂಟು ಹಾಕಿ ಜೇಬು ತುಂಬಿಕೊಳ್ಳುವಾಗ ಲಿಂಗಪ್ಪ ಬಿರಬಿರನೆ ಬಂದ.

"ಹೆತ್ತೂರು ಕಡೆ ಮೋಡ ಕಟ್ಟೈತೆ ಕಣೋ. ಮೂಡ್ಲ ಮೂಲೆ ಭದ್ರ ಮಾಡಿದೀಯ ತಾನೆ?"

"ಮಾಡಿದೀನಿ ರೈಟ್ರೇ."

"ಇನ್ನೊಂದ್ಸಲ ಬಿಚ್ಚಿ ನೋಡ್ಬುಡು ಅಂತೀನಿ. ನಂಗ್ಯಾಕೋ ಮಧ್ಯಾಹ್ನದಿಂದ ಎದೆಯೊಳಗೆ..."

ಗಿಡ್ಡಯ್ಯ ಜೇಬಿನಿಂದ ನಾಲ್ಕು ಚೆರಿ ತೆಗೆದು ರೈಟರ ಅಂಗೈಯಲ್ಲಿಟ್ಟು ಮುಷ್ಟಿ ಮಡಚಿದ.

"ಕಿವಿ ಹತ್ರ ಹಿಡ್ಕಂಡು ಆಡ್ಸಿ."

"ಏನೋ ಇದು? ನಾನು ಕೇಳಿದ್ದೇನು, ನೀನು... ಲೋ, ಮಾತಾಡ್ತಿದೀನಲ್ಲ..."

ಗಿಡ್ಡಯ್ಯ ಆಗಲೇ ಸಿಲ್ವರ್ ಮರಗಳ ತಿರುವು ದಾಟುತ್ತಿದ್ದ.