ಮಧ್ವೇಶನ ಮಡಿ ಯಂತ್ರ

ಮಧ್ವೇಶನಿಗೆ ಕಂಪ್ಯೂಟರಿಗೂ ಮಡಿ ಮಾಡಿಸುವ ಚಟ. ಯಂತ್ರವನ್ನು ಪೂರ್ತಿ ಬಂದ್ ಮಾಡಿ, ಮತ್ತೆ ಚಾಲೂ ಮಾಡದೆ ಅವನು ಯಾವ ಪ್ರೋಗ್ರಾಮನ್ನೂ ಓಡಿಸಿ ನೋಡುತ್ತಿರಲಿಲ್ಲ. ಧಾರವಾಡದ ಮನೆಯಲ್ಲಿ ಸ್ನಾನವಾಗದೆ ಅಡುಗೆಮನೆ ಹೊಕ್ಕರೆ ಅಜ್ಜಿ ಸೌಟು ಎತ್ತುತ್ತಿದ್ದಳು. ಆ ಹೆದರಿಕೆ ಮರಾಠಿ ಸೀಮೆಯ ವಾಕಡದ ಆಫೀಸಿನವರೆಗೂ ಬಂದಿತ್ತು.

ಈಗ ಅವನ ಮರ್ಯಾದೆ ಹೋಗುವ ಹೊತ್ತು. ಬಿಸ್ಕತ್ತು ಕಾರ್ಖಾನೆಗೆಂದು ವರ್ಷಗಟ್ಟಲೆ ಜೀವ ತೇದು ಬರೆದ ಪ್ರೋಗ್ರಾಂ ಇವನ ಮೇಜಿನ ಮೇಲೆ ಸಲೀಸಾಗಿ ಓಡುತ್ತಿತ್ತು, ಕಾರ್ಖಾನೆಯಲ್ಲಿ ಮಾತ್ರ ಗಪ್ಪನೆ ನಿಲ್ಲುತ್ತಿತ್ತು. “ಶುಕ್ರವಾರದೊಳಗ ಸರಿ ಆಗಲಿಲ್ಲಂದ್ರ ನಿಂದು ಕಿತ್ತು ಒಗದು ಬ್ಯಾರೇದು ತರ್ತೀನಪಾ” ಎಂದಿದ್ದರು ಮೇಲಧಿಕಾರಿ ಶಿವರುದ್ರಪ್ಪ.

ಶುಕ್ರವಾರ ಅವನು ಚಹಾಕ್ಕೆ ಹೋದಾಗ, ನಡುವೆ ನಿಲ್ಲಿಸಿದ್ದ ಪ್ರೋಗ್ರಾಮನ್ನು ಜೊತೆಗೆ ಕೆಲಸ ಮಾಡುವ ಪ್ರಾಚಿ ಯಂತ್ರ ಬಂದ್ ಮಾಡದೆ ಹಾಗೆಯೇ ಮತ್ತೆ ಓಡಿಸಿದಳು. ಇಲ್ಲೂ ಗಪ್ಪನೆ ನಿಂತಿತು!

“ಮುಟ್ಟಬ್ಯಾಡ ಅಂದಿದ್ನಲ್ಲವಾ! ಬಂದ್ ಮಾಡಿ ಚಾಲೂ ಮಾಡ್ಬೇಕು!” ಎಂದು ಚಹಾ ಮುಗಿಸಿ ಬಂದ ಮಧ್ವೇಶ ಕೂಗಿದ.

“ಕಾರ್ಖಾನ್ಯಾಗ ಯಂತ್ರ ಎಂದಾದ್ರೂ ಬಂದ್ ಆಗ್ತದೇನ್ರಿ ಸರ್?”

ಮಧ್ವೇಶ ದೊಪ್ಪೆಂದು ಕೂತ. ತಪ್ಪು ಈಗ ಹೊಳೆಯಿತು. ಅವನು ಬರೆದದ್ದು ಒಟ್ಟಿಗೆ ಓಡುವ ಎರಡು ಪ್ರೋಗ್ರಾಮುಗಳ ಜೋಡಿ. ಅವು ಹಂಚಿಕೊಳ್ಳುವ ಮೆಮೊರಿಯಲ್ಲಿ ‘ನಾನಿದ್ದೇನೆ, ನೀನು ತಡಿ’ ಎನ್ನುವ ಒಂದು ಅಟಾಮಿಕ್, ಅಂದರೆ ಒಂದೇ ಏಟಿಗೆ ಬದಲಾಗುವ, ಗುರುತು ಇರಬೇಕು. ಅದನ್ನು ಅವನು ಕಟ್ಟಿಯೇ ಇರಲಿಲ್ಲ. ಬರಿಯ ಜಾಗ ತೋರಿಸಿ ಇದೇ ಗುರುತು ಎಂದುಬಿಟ್ಟಿದ್ದ. ಆಗತಾನೆ ಚಾಲೂ ಆದ ಯಂತ್ರದಲ್ಲಿ ಅಲ್ಲಿ ಸೊನ್ನೆ ಇರುತ್ತದೆ, ಕೆಲಸ ನಡೆಯುತ್ತದೆ. ಕಾರ್ಖಾನೆಯಲ್ಲಿ ಹಿಂದಿನ ಓಟದ ಎಂಜಲು ಹಾಗೇ ಉಳಿದಿರುತ್ತದೆ, ಎರಡೂ ಪ್ರೋಗ್ರಾಮುಗಳು ಇನ್ನೊಂದು ಮುಗಿಸಲೆಂದು ಕಾಯುತ್ತ ಕೂರುತ್ತವೆ. ಇಷ್ಟು ದಿನ ತಪ್ಪನ್ನು ಮುಚ್ಚಿಟ್ಟದ್ದು ಅವನದೇ ಮಡಿ. “ಈ ಮಡಿಗಿಷ್ಟು ಬೆಂಕಿ ಹಾಕ!” ಎಂದು ಹಣೆ ಚಚ್ಚಿಕೊಂಡ.

ಎರಡೂ ಶುರುವಾಗುವ ಮೊದಲೇ ಆ ಜಾಗದಲ್ಲಿ ಸೊನ್ನೆಯಿಟ್ಟು ಗುರುತನ್ನು ಕಟ್ಟುವ ಒಂದು ಸಾಲು ಬರೆದು, ಶಿವರುದ್ರಪ್ಪನವರ ಹತ್ತಿರ ಓಡಿದ. ಅವರು ಅರ್ಧ ಕೇಳಿದರು.

“ಅಂದ್ರ, ಬಂದ್ ಮಾಡಿ ಚಾಲೂ ಮಾಡಿದ್ರ ನಡೀತದ?”

“ನಡೀತದ್ರಿ, ಆದ್ರ—”

“ಮುಗೀತಲ್ಲಪಾ!” ಅವರು ಕಾರ್ಖಾನೆಗೆ ಫೋನು ಹಚ್ಚಿ ಮರಾಠಿಯಲ್ಲಿ ಮಾತಾಡಿ ಇಟ್ಟರು. “ದಿನಾ ಮುಂಜಾನೆ ಬಂದ್ ಮಾಡಿ ಚಾಲೂ ಮಾಡ್ತಾರಂತ. ನಿನ್ನ ಪ್ರೋಗ್ರಾಂ ಉಳೀತು, ಹೋಗು.”

“ಸರ್, ನಾ ಬರೆದ ಸಾಲು...”

“ಸಾಲು ಗೀಲು ಏನೂ ಬ್ಯಾಡ. ನಡಿಯೂದನ್ನ ಮುಟ್ಟಬಾರದು.”

ಮಧ್ವೇಶ ಮೈಯೆಲ್ಲ ಉರಿಯುತ್ತ ತನ್ನ ಮೇಜಿಗೆ ಮರಳಿ ಪ್ರಾಚಿಗೆ ಹೇಳಿದ. “ಇನ್ನ ಕಾರ್ಖಾನಿಯವರೂ ಮಡಿ ಮಾಡ್ತಾರ್ರಿ ಸರ್” ಎಂದು ನಕ್ಕು ಪ್ರಾಚಿ ಮನೆಗೆ ಹೊರಟಳು. ಅವನು ಕೂತು, ಯಂತ್ರವನ್ನು ಬಂದ್ ಮಾಡದೆ, ಹೊಸ ಸಾಲಿನೊಂದಿಗೆ ಪ್ರೋಗ್ರಾಮನ್ನು ನಡುವೆ ಕೆಡವಿ ಕೆಡವಿ ಮತ್ತೆ ಮತ್ತೆ ಓಡಿಸಿದ. ಒಂದು ಸಲವೂ ಗಪ್ಪನೆ ನಿಲ್ಲಲಿಲ್ಲ. ನೋಡಲು ಯಾರೂ ಇರಲಿಲ್ಲ.