ಭಾವ ಹೇಳಿದ ಎಣ್ಣೆ

ಅವನನ್ನು ಎಲ್ಲರೂ ಸೂಜಿ ಅಂತಲೇ ಕರೆಯುತ್ತಿದ್ದರು. ಕಾರು, ಬಸ್ಸು, ಸೋಫಾ, ಹಲ್ಲಿನ ಡಾಕ್ಟರ ಕುರ್ಚಿ, ಮನುಷ್ಯ ಎಲ್ಲೆಲ್ಲಿ ಕುಂಡೆ ಊರುತ್ತಾನೋ ಅಲ್ಲಿಗೆಲ್ಲ ಹೊದಿಕೆ ಹೊಲಿಯುವುದು ಅವನ ಕಸುಬು. ಆಳೂ ಹಂಚಿಕಡ್ಡಿಯ ಹಾಗಿದ್ದದ್ದರಿಂದ ಹೆಸರು ಅಂಟಿಕೊಂಡಿತು. ಹೊಲಿಗೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಕಾಲದಲ್ಲಿ ಕುಡಿತದಲ್ಲೂ ಇರಲಿಲ್ಲ. ಒಂದು ಸಲ ಅಮಲಿನಲ್ಲಿ ಇಡೀ ಬಸ್ಸಿನ ಸೀಟುಗಳಿಗೆ ಬಟ್ಟೆಯ ಒಳಮಗ್ಗುಲನ್ನೇ ಮೇಲೆ ಮಾಡಿ ಹೊಲಿದುಕೊಟ್ಟಿದ್ದ. ಬಸ್ಸಿನವನು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾನೆ.

ಆಮೇಲೆ ಕುಡಿತ ಬಿಟ್ಟ. ಹೇಗೆ ಬಿಟ್ಟೆ ಅಂತ ಕೇಳಿದರೆ "ಬಿಟ್ಟೆ, ಅಷ್ಟೇ" ಅನ್ನುತ್ತಿದ್ದ. ಕುಡಿತದ ಜೊತೆಗೆ ಒಂದು ಪದವನ್ನೂ ಬಿಟ್ಟಿದ್ದ. ಕುಡಿಯುವವರ ಬಾಯಲ್ಲಿ ಅದಕ್ಕೆ 'ಎಣ್ಣೆ' ಅಂತಲ್ಲವೇ ಹೆಸರು? ಆ ಪದ ನಾಲಿಗೆಗೆ ಬಂದರೆ ಹಿಂದೆಯೇ ಗಂಟಲಿಗೂ ನೆನಪಾದೀತು ಅಂತ ಅವನಿಗೆ ಹೆದರಿಕೆ. ಹಾಗಾಗಿ ಹೊಲಿಗೆ ಮಿಷನ್ನಿಗೆ ಬಿಡುವುದೂ ಆಯಿಲ್, ಬಾಣಲೆಗೆ ಸುರಿಯುವುದೂ ಆಯಿಲ್. ತಲೆಗೆ ಹಚ್ಚುವುದನ್ನೂ ಆಯಿಲ್ ಅಂದಾಗ ಅವನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಕ್ಕನ ಗಂಡ ಇದಕ್ಕೆ ತದ್ವಿರುದ್ಧ. ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದ ಮನುಷ್ಯ. ಮನೆಯಲ್ಲಿ ಇರುವ ಕನ್ನಡ ಪದ ಬಿಟ್ಟು ಪಕ್ಕದ ಮನೆಯ ಇಂಗ್ಲಿಷ್ ಪದ ಯಾಕೆ ಕೇಳಬೇಕು ಅನ್ನುವ ಹಟ ಅವರದು. ಆ ಹಟ ಬಿಟ್ಟರೆ ಅವರಿಗಿದ್ದ ಇನ್ನೊಂದು ಆಸ್ತಿ ಕೆಂಪು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಮದುವೆಗೆ ಮೊದಲೇ ಬಂದದ್ದು. ಅಕ್ಕ ಅದನ್ನು ಸವತಿ ಅನ್ನುತ್ತಿದ್ದಳು. "ಸವತಿಗೆ ಸ್ನಾನ ಆಯ್ತಾ? ಇನ್ನು ನಮ್ಮ ಕಡೆ ನೋಡ್ತೀರಾ?" ಅಂತ ಪ್ರತಿ ಭಾನುವಾರ ಒಂದು ಮಾತು ಇದ್ದದ್ದೇ. ಸೂಜಿ ಕುಡಿಯುತ್ತಿದ್ದ ಕಾಲದಲ್ಲಿ, ಅವನು ಮನೆಗೆ ಬಂದನೆಂದರೆ ಅಕ್ಕ ಆ ಕಾರಿನ ಕೀಲಿಯನ್ನು ಅಕ್ಕಿಡಬ್ಬದೊಳಗೆ ಹೂತಿಡುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು.

ಹೀಗಿರುವಾಗ ಭಾವನಿಗೆ ಮಂಡಿಯ ಆಪರೇಷನ್ ಆಯಿತು. ಕಾಲು ಚಾಚಿ ಕೂತು ಕೂತು ಬೇಸತ್ತ ಅವರು ಒಂದು ದಿನ ಸೂಜಿಯನ್ನು ಕರೆಸಿದರು.

"ಸೀಟು ಹರಿದು ಸ್ಪ್ರಿಂಗ್ ಚುಚ್ತಾ ಇದೆ. ನಿನ್ನ ಅಂಗಡಿಗೆ ತಗೊಂಡ್ಹೋಗಿ ಹೊಲಿದು ತಗೊಂಡ್ಬಾ," ಎಂದು ಕೀಲಿಯನ್ನು ಅವನ ಅಂಗೈಯಲ್ಲಿಟ್ಟರು. ಸೂಜಿಗೆ ಎದೆ ತುಂಬಿ ಬಂತು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಭಾವನ ದನಿ ಕೇಳಿತು: "ದಾರೀಲಿ ಎಣ್ಣೆ ಒಂದು ನೋಡ್ಕೋ. ನಂಗೆ ಅದೊಂದೇ ಭಯ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಷ್ಟು ವರ್ಷ ಆದ ಮೇಲೂ ಇವರಿಗೆ ಅನುಮಾನ ಹೋಗಿಲ್ಲವಲ್ಲ ಅಂದುಕೊಂಡ.

"ಆ ಚಿಂತೆ ನಿಮಗೆ ಬೇಡ ಭಾವ," ಅಂದು ಹೊರಟ.

ಅವನ ಅಂಗಡಿ ಗುಡ್ಡದ ಆಚೆ ಬದಿಯ ಪೇಟೆಯಲ್ಲಿತ್ತು. ಅಲ್ಲಿ ಎರಡೂ ಸೀಟುಗಳನ್ನು ಬಿಚ್ಚಿ, ಸ್ಪ್ರಿಂಗ್ ಕಟ್ಟಿ, ಕಪ್ಪು ಚರ್ಮಕ್ಕೆ ಕೆಂಪು ದಾರದ ಜೋಡಿ ಹೊಲಿಗೆ ಹಾಕಿದ. ಸಿಟ್ಟಿನಲ್ಲಿ ಹೊಲಿದರೂ ಹೊಲಿಗೆ ಒಂದು ಕೂದಲಷ್ಟೂ ಸೊಟ್ಟಗಾಗಲಿಲ್ಲ. ವಾಪಸು ಹೊರಟಾಗ ಗುಡ್ಡದ ಬುಡದ ಬಾರಿನ ಮುಂದೆ ಹಳೆಯ ಗೆಳೆಯನೊಬ್ಬ ಕೈಬೀಸಿದ. ಸೂಜಿ ಕತ್ತೂ ತಿರುಗಿಸಲಿಲ್ಲ. ನೋಡ್ಕೊಂಡೆ ಭಾವ, ನೀವು ಹೇಳಿದ ಹಾಗೇ ನೋಡ್ಕೊಂಡೆ ಅಂತ ಮನಸ್ಸಿನಲ್ಲೇ ಅವರನ್ನೊಮ್ಮೆ ಕುಟುಕಿದ.

ಏರು ಅರ್ಧ ಮುಗಿದಾಗ ಬಾನೆಟ್ಟಿನ ಕೆಳಗೆ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂಥ ಸದ್ದು ಶುರುವಾಯಿತು. ಹಳೇ ಕಾರು, ಏರಿನಲ್ಲಿ ಗೊಣಗುತ್ತಿದೆ ಅಂದುಕೊಂಡ. ಬಡಿತ ಜೋರಾಯಿತು. ನಿಲ್ಲಿಸೋಣವೆಂದು ಕಾಲೆತ್ತುವಷ್ಟರಲ್ಲಿ ಢಂ ಎಂದಿತು. ಚಕ್ರಗಳು ಕಚ್ಚಿಕೊಂಡು, ಕಾರು ರಸ್ತೆಯನ್ನು ಕೆರೆಯುತ್ತ ಬದಿಗೆ ಹೋಗಿ ನಿಂತಿತು. ಕೆಳಗಿನಿಂದ ಹೊಗೆ ಬಂತು. ಸೂಜಿ ಇಳಿದು, ಏನು ಮಾಡಬೇಕೆಂದು ತೋಚದೆ, ಕಾರಿನ ಬೆನ್ನು ಸವರುತ್ತ ನಿಂತ.

ಎಳೆದು ತಂದ ಕಾರನ್ನು ಭಾವನ ಊರಿನ ಗ್ಯಾರೇಜಿನವನು ಮೇಲೆತ್ತಿ, ಬೆಳಕು ಬಿಟ್ಟು ನೋಡಿ, ನಾಲಿಗೆ ಲೊಚಗುಟ್ಟಿದ. ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಒಳಗಿನ ರಾಡ್ ಮುರಿದು ಗೋಡೆ ಒಡೆದುಕೊಂಡು ಹೊರಗೆ ಬಂದಿತ್ತು.

ಅಷ್ಟರಲ್ಲಿ ಆಟೋದಿಂದ ಅಕ್ಕ ಇಳಿದಳು, ಹಿಂದೆಯೇ ಊರುಗೋಲಿನ ಭಾವ. ಅಕ್ಕ ನೇರವಾಗಿ ಬಂದು ತಮ್ಮನ ಭುಜ ಹಿಡಿದು, ಏನೋ ಕೇಳುವವಳ ಹಾಗೆ ಮುಖವನ್ನು ಅವನ ಬಾಯಿಯ ಹತ್ತಿರ ತಂದಳು. ಮೂಸುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಯಿತು. ಮುಖ ಸರಿಸಲಿಲ್ಲ. ಬೇಕಾದರೆ ನೋಡಲಿ ಅಂತ ಬಾಯಿ ತೆರೆದೇ ಉಸಿರು ಬಿಟ್ಟ. ಆದರೆ ಬಹಳ ನೋವಾಯಿತು.

ಭಾವ ಕಾರಿನ ಕೆಳಗೆ ಬಗ್ಗಲಾರದೆ ಬಗ್ಗಿ, ತೂತಿನ ಅಂಚಿಗೆ ಬೆರಳು ಮುಟ್ಟಿಸಿ, ಸ್ಟೂಲಿನ ಮೇಲೆ ಕೂತರು. ಮುಖದಲ್ಲಿ ರಕ್ತವಿರಲಿಲ್ಲ.

"ಎಣ್ಣೆ ನೋಡ್ಕೋ ಅಂದಿದ್ನಲ್ಲೋ."

"ಒಂದು ಹನಿ ಮುಟ್ಟಿಲ್ಲ ಭಾವ! ಬೇಕಾದ್ರೆ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಟೆಸ್ಟ್ ಮಾಡ್ಸಿ. ಬಾರಿನ ಕಡೆ ತಿರುಗಿ ಕೂಡ ನೋಡಿಲ್ಲ."

ಭಾವ ಕಣ್ಣು ಮಿಟುಕಿಸಿದರು. "ಬಾರ್ ಯಾಕೆ ಬಂತು ಮಧ್ಯ? ನಾನು ಹೇಳಿದ್ದು ಎಂಜಿನ್ ಎಣ್ಣೆ. ಇದು ಮುದುಕಿ, ಹೋಗ್ತಾ ಹೋಗ್ತಾ ಎಣ್ಣೆ ಸುಡುತ್ತೆ. ಅಳತೆ ಕಡ್ಡಿ ಎಳೆದು ನೋಡಿ ನೋಡಿ ತುಂಬಿಸ್ಬೇಕು."

ಗ್ಯಾರೇಜಿನವನು ಇಣುಕಿ, "ಹೌದು ಸಾರ್, ಒಳಗೆ ಆಯಿಲ್ಲೇ ಇಲ್ಲ," ಅಂದ.

ಸೂಜಿ ತಲೆ ಹಿಡಿದುಕೊಂಡ. "ನಾನು ಅದೂ... ಕುಡೀಬೇಡ ಅಂತ ಹೇಳ್ತಿದೀರಿ ಅಂದ್ಕೊಂಡೆ."

ಗ್ಯಾರೇಜಿನವನಿಗೆ ನಗು ತಡೆಯಲಾಗಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂದಂಗಾಯ್ತು!"

ಭಾವ ನಗಲಿಲ್ಲ.

"ಛೆ, ನೀನು ಕುಡೀತಿದ್ದದ್ದು ನಂಗೆ ಮರ್ತೇ ಹೋಗಿತ್ತು ಕಣಯ್ಯಾ," ಅಂದರು. ಸಮಾಧಾನಕ್ಕೆ ಹೇಳುವ ಮನುಷ್ಯ ಅವರಲ್ಲ. ನೆನಪು ಮಾಡಿಕೊಳ್ಳುವುದೇ ಅವರಿಗೆ ಕಷ್ಟವಾಗುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

ಅವರ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ, ಅವರು ಲೋಟದ ಕಡೆ ನೋಡಿದಾಗಲೆಲ್ಲ, ಹೇಗಿದ್ದೀಯ ಅಂತ ಕೇಳಿದಾಗಲೆಲ್ಲ, ಸೂಜಿ ಅದರಲ್ಲೊಂದು ಅನುಮಾನ ಹುಡುಕಿಕೊಂಡಿದ್ದ. ಅಲ್ಲಿ ಅನುಮಾನ ಇರಲೇ ಇಲ್ಲ. ತನ್ನನ್ನು ನಂಬಿದ ಒಬ್ಬ ಮನುಷ್ಯ ಇದ್ದ, ಅವನ ಕಾರನ್ನೇ ತಾನು ಕೊಂದು ತಂದಿದ್ದ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ, ಮತ್ತೆ ಮತ್ತೆ ತೊಳೆದ.

ಹಿಂದಿರುಗಿದಾಗ ಭಾವ ಗ್ಯಾರೇಜಿನವನೊಡನೆ ಮಾತಾಡುತ್ತಿದ್ದರು. ಈ ಗೋಡೆಗೆ ಬೆಸುಗೆ ನಿಲ್ಲುವುದಿಲ್ಲ, ಇದೇ ಜಾತಿಯ ಇನ್ನೊಂದು ಎಂಜಿನ್ ಎಲ್ಲಾದರೂ ಗುಜರಿಯಲ್ಲಿ ಸಿಗಬೇಕು, ಸಿಕ್ಕರೆ ಪುಣ್ಯ ಅಂದ ಅವನು.

"ನನ್ನ ಕಾಲು ನಡೆಯಲ್ಲ. ನೀನೇ ಹುಡುಕ್ಬೇಕು," ಅಂದರು ಭಾವ, ಸೂಜಿಯ ಕಡೆ ತಿರುಗಿ. ದನಿಯಲ್ಲಿ ಸಿಟ್ಟಿತ್ತು. ಕಾರಿನ ಬಗೆಗಿನ ಸಿಟ್ಟು, ಅಷ್ಟೇ. ಸೂಜಿ ಹೂಂ ಅಂದ.

ಆಟೋ ಕಾಯುತ್ತ ಅಕ್ಕತಮ್ಮ ಇಬ್ಬರೂ ಗ್ಯಾರೇಜಿನ ಬಾಗಿಲಲ್ಲಿ ನಿಂತರು. ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಿದ್ದಳು.

"ಅವರು ಮರ್ತಿದಾರೆ. ನಾನು ಮರ್ತಿಲ್ಲ ಕಣೋ," ಅಂದಳು. "ಮೂಸಿ ನೋಡಿದೆ ನಿನ್ನ. ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ತಪ್ಪು ತಿಳ್ಕೋಬೇಡ. ಮರೀಬೇಕು ಅಂತಲೇ ಇದೀನಿ. ಆಗ್ತಿಲ್ಲ."

"ನಂಗೂ ಆಗ್ತಿಲ್ಲ ಅಕ್ಕ," ಅಂದ ಸೂಜಿ.